ಮರಗೆಲಸದ ಮೇಳದಲ್ಲಿ ಕೊಂಡದ್ದು, ಕೊಳ್ಳದೆ ಬಿಟ್ಟದ್ದು

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಇಂಡಿಯಾವುಡ್ ಮೇಳಕ್ಕೆ ನಾನು ಹೋದದ್ದು ಒಂದು ಮೇಜಿನ ಲೆಕ್ಕವನ್ನು ಜೇಬಿನಲ್ಲಿಟ್ಟುಕೊಂಡು. ಮೆಟ್ರೊ ಆಗ ನಾಗಸಂದ್ರಕ್ಕೇ ನಿಲ್ಲುತ್ತಿತ್ತು, ಮಾದಾವರದವರೆಗೆ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ಹಾಗಾಗಿ ಉಳಿದ ದಾರಿಯನ್ನು ಲಾರಿಗಳ ನಡುವೆ ಆಟೊದಲ್ಲಿ ಕಳೆಯಬೇಕಾಯಿತು. ಮಗಳ ಓದಿಗೆಂದು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಮೇಜನ್ನು ಗಟ್ಟಿಮರದಲ್ಲಿಯೇ, ಮೊಳೆಯಿಲ್ಲದೆ, ಕಚ್ಚು ಕೂಡಿಸಿ ಮಾಡಬೇಕೆಂಬುದು ನನ್ನ ಬಹುದಿನದ ಆಸೆ.

ಮರ ಕೊಳ್ಳುವವನು ಮನೆಯಲ್ಲಿಯೇ ಲೆಕ್ಕ ಮಾಡಿಕೊಂಡು ಹೋಗಬೇಕು ಎಂಬುದನ್ನು ನಾನು ಕೈಸುಟ್ಟುಕೊಂಡು ಕಲಿತಿದ್ದೇನೆ. ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ, ಅಡಿಯಲ್ಲಿ ಉದ್ದ, ಈ ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಹತ್ತರಿ ಹೊಡೆದು ನಯ ಮಾಡಿದ ಮೇಲೆ ಒಂದು ಇಂಚು ದಪ್ಪ ಉಳಿಯಬೇಕಾದರೆ ಒರಟು ಹಲಗೆ ಒಂದೂಕಾಲು ಇಂಚಾದರೂ ಇರಬೇಕಾದ್ದರಿಂದ ಮೇಜಿನ ಮೇಲ್ಮೈಗೇ 0.83 ಘನ ಅಡಿ ಹಿಡಿಯಿತು. ಎರಡೂವರೆ ಇಂಚು ಚೌಕದ ನಾಲ್ಕು ಕಾಲುಗಳಿಗೆ 0.43, ಸುತ್ತಲಿನ ಪಟ್ಟಿಗಳಿಗೆ 0.38 ಸೇರಿಸಿ, ಗಂಟು ಬಿರುಕುಗಳ ನಷ್ಟಕ್ಕೆಂದು ಕಾಲು ಭಾಗ ಹೆಚ್ಚಿಗೆ ಇಟ್ಟುಕೊಂಡಾಗ ಎರಡು ಘನ ಅಡಿಯ ಲೆಕ್ಕ ಬಂತು. ಮೇಳದ ಮರದ ಮಳಿಗೆಗಳಲ್ಲಿ ಈ ಎರಡು ಘನ ಅಡಿ ಎಂಬ ಮಾತಿಗೆ ಬೆಲೆಯೇ ಇರಲಿಲ್ಲ. ಅಲ್ಲಿ ಹಡಗಿನ ಕಂಟೇನರ್ ಲೆಕ್ಕದಲ್ಲಿ ಮಾತನಾಡುವವರು ಬೆಲೆಯನ್ನು ಘನ ಮೀಟರಿಗೆ, ಅಂದರೆ 35.3 ಘನ ಅಡಿಗೆ ಹೇಳುತ್ತಿದ್ದರು. ಅಮೆರಿಕದ ಮರಗಳ ಮಳಿಗೆಯಲ್ಲಿ ಬೋರ್ಡ್ ಫುಟ್ ಎನ್ನುತ್ತಿದ್ದರು, ಅಂಥ 12 ಸೇರಿದರೆ ನಮ್ಮ ಒಂದು ಘನ ಅಡಿ. ಒಂದೇ ಸೂರಿನಡಿ ಮೂರು ಅಳತೆಗಳು ಓಡಾಡುತ್ತಿರುವಾಗ, ಎಲ್ಲವನ್ನೂ ಘನ ಅಡಿಗೆ ತಂದು ಚೀಟಿಯಲ್ಲಿ ಬರೆದುಕೊಂಡ ಮೇಲಷ್ಟೇ ಯಾವುದು ದುಬಾರಿ, ಯಾವುದು ಅಗ್ಗ ಎಂಬುದು ನನಗೆ ತಿಳಿದದ್ದು.

ಈ ಮೇಳ ಮೂಲತಃ ಕಾರ್ಖಾನೆಗಳಿಗಾಗಿ ಇರುವಂಥದ್ದು. ಸಭಾಂಗಣಗಳ ಬಹುಭಾಗವನ್ನು ಸಿಎನ್‌ಸಿ ರೌಟರ್‌ಗಳು, ಎಡ್ಜ್ ಬ್ಯಾಂಡರ್‌ಗಳು, ಪ್ಯಾನೆಲ್ ಗರಗಸಗಳಂಥ ದೊಡ್ಡ ಯಂತ್ರಗಳು ತುಂಬಿಕೊಂಡಿರುತ್ತವೆ. ಕೈ ಉಪಕರಣಗಳ ಮಳಿಗೆಗಳು ಬೆರಳೆಣಿಕೆಯಷ್ಟು. ಆದರೂ ಅಲ್ಲಿ ಹೋಗಬೇಕೆಂದು ನಾನು ಹೇಳುವುದು, ಉಪಕರಣವನ್ನು ಕೈಯಲ್ಲಿ ಹಿಡಿದು ನೋಡಲು ಸಿಗುವ ಅವಕಾಶಕ್ಕಾಗಿ. ಪೆಟ್ಟಿಗೆಯಲ್ಲಿ ಮನೆಗೆ ಬರುವ ಉಳಿಯ ಬೆನ್ನು ಸಪಾಟಾಗಿದೆಯೋ ಇಲ್ಲವೋ ಎಂಬುದು ಬಂದ ಮೇಲೆಯೇ ಗೊತ್ತಾಗುವುದು. ಬೆನ್ನು ತಗ್ಗಿದ್ದರೂ ಸಾಣೆಗೆ ಒಗ್ಗುತ್ತದೆ, ಉಬ್ಬಿದ್ದರೆ ಮಾತ್ರ ಗಂಟೆಗಟ್ಟಲೆ ಉಜ್ಜಿದರೂ ಅದರ ಬಾಯಿ ನೇರವಾಗುವುದಿಲ್ಲ. ನಾನು ಆರು ಇಂಚಿನ ಉಕ್ಕಿನ ಪಟ್ಟಿಯನ್ನು ಜೊತೆಗೊಯ್ದಿದ್ದೆ. ಅದನ್ನು ಉಳಿಯ ಬೆನ್ನಿನ ಮೇಲೆ ಅಂಚಿನ ಮೇಲೆ ನಿಲ್ಲಿಸಿ ದೀಪಕ್ಕೆ ಹಿಡಿದು, ಎಲ್ಲಿ ಬೆಳಕು ನುಸುಳುತ್ತದೆಂದು ನೋಡುತ್ತಿದ್ದಾಗ ಮಳಿಗೆಯ ಹುಡುಗ ತಾನೇ ಇನ್ನೂ ನಾಲ್ಕು ಉಳಿಗಳನ್ನು ತೆಗೆದುಕೊಟ್ಟು, ಆರಿಸಿಕೊಳ್ಳಿ ಎಂದ. ಆ ಸೌಜನ್ಯಕ್ಕೆ ನಾನು ಇಂದಿಗೂ ಕೃತಜ್ಞ.

ಆರು ಉಳಿಗಳ ಜೋಡಿಪೆಟ್ಟಿಗೆ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗವಾಗಿತ್ತು. ಆದರೂ ನಾನು 6, 12 ಮತ್ತು 25 ಮಿಲಿಮೀಟರಿನ ಮೂರನ್ನೇ ಬಿಡಿಯಾಗಿ ಆರಿಸಿದೆ. ನನ್ನ ಕೆಲಸದಲ್ಲಿ ಉಳಿದ ಅಳತೆಗಳು ಪೆಟ್ಟಿಗೆಯಲ್ಲಿಯೇ ಕುಳಿತಿರುತ್ತವೆ, ಆ ಹಣಕ್ಕೆ ಒಳ್ಳೆಯ ಸಾಣೆಕಲ್ಲು ಬರುತ್ತದೆ. ತೇಗದ ಮರದ ಒಡಲಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅದು ಎಂಥ ಉಕ್ಕಿನ ಹರಿತವನ್ನೂ ಬೇಗ ತಿನ್ನುತ್ತದೆ. 25 ಡಿಗ್ರಿಗೆ ಹಿಡಿದ ಬಾಯನ್ನು ತುದಿಯಲ್ಲಿ 30 ಡಿಗ್ರಿಗೆ ಏರಿಸಿಕೊಂಡರೆ ಸ್ವಲ್ಪ ಹೆಚ್ಚು ಕಾಲ ತಾಳುತ್ತದೆ. ಇದೇ ಕಾರಣಕ್ಕೆ, ಎಳೆದು ಕುಯ್ಯುವ ಜಪಾನಿ ಗರಗಸವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದು ಕೊನೆಗೆ ಬಿಟ್ಟುಬಂದೆ. ಅದು ಕುಯ್ಯುವ ಗೀರು ಕೂದಲೆಳೆಯಷ್ಟು ತೆಳು, ಕೈಗೆ ಹಗುರ. ಆದರೆ ಮಳಿಗೆಯಲ್ಲಿದ್ದ ಗರಗಸಗಳ ಹಲ್ಲಿನ ತುದಿಗಳನ್ನು ಕಾಯಿಸಿ ಗಡಸು ಮಾಡಿದ್ದರಿಂದ ಅರಕ್ಕೆ ಅವು ಮಣಿಯುವುದಿಲ್ಲ, ಮೊಂಡಾದರೆ ಅಲಗನ್ನೇ ಬದಲಿಸಬೇಕು. ಮೂರು ಮೂಲೆಯ ಅರವೊಂದಿದ್ದರೆ ಜೀವಮಾನವಿಡೀ ಹರಿತ ಮಾಡಿಕೊಳ್ಳಬಹುದಾದ ಗರಗಸ ನನ್ನ ಬಳಿ ಆಗಲೇ ಇತ್ತು.

ಎರಕದ ಕಬ್ಬಿಣದ ಹತ್ತರಿಯೊಂದನ್ನು ಕೊಳ್ಳಬೇಕೆಂದೇ ಹೋಗಿದ್ದೆ. ಪಟ್ಟಿಯನ್ನು ಅಡಿಯ ಮೇಲೆ ಇಟ್ಟು ನೋಡಿದಾಗ ಅಲಗು ಹೊರಬರುವ ಬಾಯಿಯ ಮುಂದೆಯೇ ತಗ್ಗು ಕಂಡಿತು. ಹತ್ತರಿಯ ಅಡಿಯಲ್ಲಿ ಮರವನ್ನು ಒತ್ತಿ ಹಿಡಿಯಬೇಕಾದದ್ದು ಅದೇ ಜಾಗ. ಅಲ್ಲಿ ತಗ್ಗಿದ್ದರೆ ಎಳೆ ಒತ್ತಿಲ್ಲದೆ ಸೀಳಿಕೊಂಡು ಏಳುತ್ತದೆ. ಮಾರುವವರು ರಿಯಾಯಿತಿ ಕೊಡಲು ಸಿದ್ಧರಿದ್ದರೂ ಬೇಡವೆಂದೆ. ಆ ಹಣದಲ್ಲಿ ಕೊಂಡದ್ದು ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿ ತೇವವನ್ನು ಅಳೆಯುವ ಪುಟ್ಟ ಮೀಟರನ್ನು, ಆ ದಿನದ ನನ್ನ ಅತ್ಯುತ್ತಮ ಖರೀದಿಯನ್ನು.

ತೇವದ ಮೇಲೆ ನನಗೆ ಇಷ್ಟು ಆಸ್ಥೆ ಏಕೆಂದರೆ, ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ತೇಗವೆಂದು ಕೊಂಡ ಹಲಗೆಗಳಿಂದ ಮಾಡಿದ ಪುಸ್ತಕದ ಕಪಾಟು ಎಂಟು ತಿಂಗಳಲ್ಲಿ ಸೊಟ್ಟಗಾಗಿ, ಅದರ ಅಂಚುಗಳಿಂದ ಹಿಟ್ಟಿನಂಥ ಪುಡಿ ಉದುರತೊಡಗಿತ್ತು. ಮರ ಹಸಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಚೇಗಿನ, ಅಂದರೆ ಮರದ ಗಟ್ಟಿ ಒಳತಿರುಳಿನ, ಜೊತೆ ಸೇರಿಕೊಂಡಿದ್ದ ಬೆಳ್ಳಗಿನ ಹೊರಭಾಗಕ್ಕೆ ಕಂದು ಬಣ್ಣ ಬಳಿದು ಚೇಗಿನಂತೆಯೇ ಕಾಣುವ ಹಾಗೆ ಮಾಡಿದ್ದರು. ಹುಳು ಹಿಡಿದದ್ದು ಆ ಭಾಗಕ್ಕೇ. ತೇಗದ ಹೆಸರು ಬಾಳಿಕೆಗೆ ನಿಂತಿರುವುದು ಚೇಗಿನ ಎಣ್ಣೆಯ ಗುಣದಿಂದ, ಬಿಳಿ ಭಾಗಕ್ಕೆ ಆ ಗುಣವಿಲ್ಲ.

ಮೇಳದಲ್ಲಿ ಇಕ್ವೆಡಾರ್, ಬ್ರೆಜಿಲ್ ದೇಶಗಳ ತೋಟದ ತೇಗದ ತುಂಡುಗಳನ್ನು ನೋಡಿದಾಗ ನನ್ನ ಕಣ್ಣು ಮೊದಲು ಹೋದದ್ದು ಈ ಬಿಳಿ ಅಂಚಿನ ಅಗಲಕ್ಕೆ. ಮ್ಯಾನ್ಮಾರ್ 2014ರ ಏಪ್ರಿಲಿನಲ್ಲಿ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಬರ್ಮಾ ತೇಗ ಎಂಬ ಹಳೆಯ ಹೆಸರನ್ನು ಕೇಳಿ ಕೊಳ್ಳುವವರು ಆ ಮಾತನ್ನು ನೆನಪಿನಲ್ಲಿಡಬೇಕು. ತೋಟದ ಎಳೆಯ ಮರದ ವಾರ್ಷಿಕ ಬಳೆಗಳು ಅಗಲ, ಬಣ್ಣ ತಿಳಿ. ಅದು ಕೆಟ್ಟ ಮರವೇನಲ್ಲ, ಆದರೆ ಹಳೆಯ ಕಾಡುಮರದ ಬೆಲೆಗೆ ಅದನ್ನು ಕೊಳ್ಳಬಾರದು. ಪಕ್ಕದಲ್ಲಿಯೇ ಇದ್ದ ಅಮೆರಿಕದ ಬಿಳಿ ಓಕ್ ಮತ್ತು ಆಶ್ ಹಲಗೆಗಳು ನಿಜಕ್ಕೂ ಮನಸೆಳೆದವು. ಅವನ್ನು ಒಲೆಯಲ್ಲಿ 6ರಿಂದ 8 ಪ್ರತಿಶತ ತೇವಕ್ಕೆ ಒಣಗಿಸಿ ಕಳುಹಿಸುತ್ತಾರೆ. ನಮ್ಮ ಮಳೆಗಾಲದಲ್ಲಿ ಅವು ತೇವವನ್ನು ಹೀರಿ ಉಬ್ಬಲೇಬೇಕು. ಹಸಿಯಿಂದ ಪೂರ್ತಿ ಒಣಗುವವರೆಗೆ ಬಳೆಗಳ ಗುಂಟ ಬಿಳಿ ಓಕ್ 10.5 ಪ್ರತಿಶತ ಕುಗ್ಗುತ್ತದೆ, ತೇಗ 5.8 ಮಾತ್ರ. ಎರಡು ಅಡಿ ಅಗಲದ ಮೇಜಿಗೆ ಹಚ್ಚಿ ನೋಡಿದರೆ, ತೇವ ನಾಲ್ಕು ಅಂಶ ಏರಿದಾಗ ಓಕ್ ಸುಮಾರು ಎಂಟೂವರೆ ಮಿಲಿಮೀಟರ್ ಹಿಗ್ಗುವಲ್ಲಿ ತೇಗ ಐದಕ್ಕೂ ಕಡಿಮೆ ಹಿಗ್ಗುತ್ತದೆ. ಓಕ್ ಬೇಡವೆಂದು ತೀರ್ಮಾನಿಸಿದ್ದು ಈ ಮೂರು ಮಿಲಿಮೀಟರ್ ಚಿಲ್ಲರೆಗಾಗಿ.

ಬೀಟೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬೀಟೆಯ ಕುಲದ ಮರಗಳೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿವೆ. ಕಾಗದಪತ್ರವಿಲ್ಲದ ಬೀಟೆಯ ತುಂಡನ್ನು ಎಷ್ಟೇ ಸುಂದರವಾಗಿದ್ದರೂ ನಾನು ಮುಟ್ಟುವುದಿಲ್ಲ.

ಮರವನ್ನು ಕೊನೆಗೆ ಕೊಂಡದ್ದು ಮೇಳದಲ್ಲಿ ಅಲ್ಲ, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ, ಮುಂದಿನ ವಾರ. ಮೇಳದಲ್ಲಿ ಕೇಳಿ ಪಡೆದ ಅಂಗೈಯಗಲದ ತೇಗದ ಚೂರನ್ನು ಮಾದರಿಯಾಗಿ ಜೇಬಿನಲ್ಲಿಟ್ಟುಕೊಂಡಿದ್ದೆ. ಯಾರ್ಡಿನಲ್ಲಿ ಹಲಗೆಯ ತುದಿಯನ್ನು ಹೊಸ ಉಳಿಯಿಂದ ಒಂದು ಪದರ ಕೆತ್ತಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದೆ. ತೇಗದಲ್ಲಿ ಪ್ರತಿ ಬಳೆಯ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು ಸ್ಪಷ್ಟವಾಗಿ ಕಾಣಬೇಕು, ಬಣ್ಣ ಹಚ್ಚಿ ಅದನ್ನು ಮರೆಮಾಚಲು ಬರುವುದಿಲ್ಲ. ಕೆತ್ತಿದ ಜಾಗದಿಂದ ಹೊಸ ಚರ್ಮದ ವಾಸನೆಯೂ ಬಂತು. ಆದರೂ ಅನುಮಾನ ಉಳಿದವರಿಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿಯನ್ನು ಗುರುತಿಸಿಕೊಡುವ ವ್ಯವಸ್ಥೆ ಇದೆ. ದೊಡ್ಡ ಮೊತ್ತಕ್ಕೆ ಬಾಗಿಲು ಕಿಟಕಿ ಮಾಡಿಸುವವರು ಅದನ್ನು ಬಳಸಿಕೊಳ್ಳದಿರುವುದು ನನಗೆ ನೋವಿನ ಸಂಗತಿ.

ಆರು ಹಲಗೆಗಳಿಗೆ ಮೀಟರ್ ಚುಚ್ಚಿ ನೋಡಿದಾಗ ನಾಲ್ಕು 13ರ ಆಸುಪಾಸಿನಲ್ಲಿದ್ದವು, ಎರಡು 19 ತೋರಿದವು. ಆ ಎರಡನ್ನು ಬದಲಿಸಿಕೊಡಲು ಯಾರ್ಡಿನ ಹಿರಿಯರು ಮಾತಿಲ್ಲದೆ ಒಪ್ಪಿ, ರಾಶಿಯ ಮೇಲಿನ ನಾಲ್ಕು ದಿಮ್ಮಿಗಳನ್ನು ತಾವೇ ಸರಿಸಿ ಅಡಿಯಿಂದ ಒಣ ಹಲಗೆಗಳನ್ನು ಎಳೆದುಕೊಟ್ಟರು. ಮನೆಗೆ ತಂದು, ಅಡ್ಡಪಟ್ಟಿಗಳ ಮೇಲೆ ಒಂದರ ಮೇಲೊಂದು ಗಾಳಿಯಾಡುವಂತೆ ಜೋಡಿಸಿ, ಪ್ರತಿಯೊಂದರ ತುದಿಯಲ್ಲಿಯೂ ತಾರೀಕು ಮತ್ತು ತೇವದ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಮಗಳು ಪ್ರತಿ ಭಾನುವಾರ ಮೀಟರ್ ಹಿಡಿದು ಹೊಸ ಅಂಕಿ ಬರೆಯತೊಡಗಿದಳು. ಮೇ ತಿಂಗಳ ಕೊನೆಯ ಭಾನುವಾರ ಅವಳು ಆರಕ್ಕೆ ಆರರ ಮೇಲೂ 11 ಎಂದು ಬರೆದಳು, ಮಾರನೆಯ ದಿನ ಮೊದಲ ಕಾಲಿಗೆ ಗರಗಸ ಹಚ್ಚಿದೆ.