ಮುಳ್ಳು ಕೀಳುವ ಮೊದಲು

ಕಾರವಾರದ ಉಪ್ಪುಗಾಳಿಗೆ ಕಾರಿನ ತಳ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತು. ಅದೇ ಗಾಳಿ ಮೀಟರಿನ ಮುಖವನ್ನೂ ತಿನ್ನುತ್ತದೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕೋಡಿಬಾಗದಲ್ಲಿ ಹಳೆಯ ಮಾರುತಿ 800 ಒಂದಕ್ಕೆ ಹೊಸ ಡಯಲ್ ಕೂರಿಸಿದೆವು. ಹಳೆಯ ಡಯಲಿನ ಬಿಳಿ ಅಂಕಿಗಳು ಹಳದಿಯಾಗಿ, 40ರ ಹತ್ತಿರ ಬಣ್ಣ ಪೊರೆ ಎದ್ದಿತ್ತು. ಡಯಲ್ ಬದಲಿಸಲು ಅರ್ಧ ಗಂಟೆ ಸಾಕು. ಉಳಿದ ದಿನವೆಲ್ಲ ಹಿಡಿದದ್ದು ಮುಳ್ಳನ್ನು ಸರಿಯಾದ ಜಾಗಕ್ಕೆ ಮರಳಿಸುವ ಕೆಲಸ.

ಬಿಚ್ಚುವ ಮೊದಲೇ ಕೀ ತಿರುಗಿಸಿ, ಎರಡು ನಿಮಿಷ ಕಾದು, ಪೆಟ್ರೋಲ್ ಮುಳ್ಳಿನ ಫೋಟೋ ತೆಗೆದೆವು. ಎಂಜಿನ್ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ತಿರುಗಿದಾಗ ಟೆಂಪರೇಚರ್ ಮುಳ್ಳಿನದೂ ಒಂದು. ಹಳೆಯ ಬಗೆಯ ಮೀಟರುಗಳಲ್ಲಿ ಜೋಡಿ ಲೋಹದ ಪಟ್ಟಿ ಕಾದು ಬಾಗಿ ಮುಳ್ಳನ್ನು ತಳ್ಳುತ್ತದೆ, ಹಾಗಾಗಿ ಕಾಯಲೇಬೇಕು. ಫೋಟೋ ನೇರ ಎದುರಿನಿಂದಲೇ ಇರಲಿ, ಓರೆಯಾದರೆ ಮುಳ್ಳು ಒಂದು ಗೆರೆ ಆಚೆ ಕಾಣುತ್ತದೆ.

ಬ್ಯಾಟರಿಯ ನೆಗೆಟಿವ್ ತೆಗೆದು, ಸ್ಪೀಡೋಮೀಟರ್ ಕೇಬಲ್ ಮತ್ತು ಕನೆಕ್ಟರ್ ಕಳಚಿ, ಮೀಟರನ್ನು ಮೇಜಿನ ಮೇಲಿಟ್ಟೆವು. ಹಿಂಬದಿಯ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರೆ ಹೋಗುತ್ತದೆ. ಇದನ್ನು ಬಿಟ್ಟರೆ ಹೊಸ ಡಯಲಿನಲ್ಲೂ ಪೆಟ್ರೋಲ್ ಮುಳ್ಳು ನಡುಗುತ್ತಲೇ ಇರುತ್ತದೆ.

ಕೆಲಸ ಕಲಿಯಲು ಬಂದಿದ್ದ ಹುಡುಗ ಕೇಳಿದ: "ಅಣ್ಣಾ, ಮುಳ್ಳು ಕಿತ್ತು ಆಮೇಲೆ ಸೊನ್ನೆ ಮೇಲೆ ಇಟ್ರೆ ಸಾಕಲ್ಲ?"

ಸಾಲದು. ಹೆಚ್ಚಿನವರು ತಪ್ಪುವುದೂ ಇಲ್ಲೇ. ಸ್ಪೀಡೋಮೀಟರಿನ ಸೊನ್ನೆಯಲ್ಲಿರುವ ಸಣ್ಣ ಪಿನ್ನು ಮುಳ್ಳನ್ನು ತಡೆದು ಹಿಡಿದಿರುತ್ತದೆ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಇನ್ನೂ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಮುಳ್ಳಿನ ತುದಿಯನ್ನು ಪಿನ್ನಿನ ಮೇಲಿಂದ ಹಗುರಾಗಿ ದಾಟಿಸಿ ಬಿಟ್ಟಾಗ, ಈ ಮೀಟರಿನಲ್ಲಿ ಅದು ಸೊನ್ನೆಗಿಂತ ಸುಮಾರು 12 ಕಿ.ಮೀ.ಯಷ್ಟು ಕೆಳಗೆ ನಿಂತಿತು. ಅದೇ ನಿಜವಾದ ವಿಶ್ರಾಂತಿಯ ಜಾಗ. ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಎಳೆದೆವು. ಈ ಗುರುತಿಲ್ಲದೆ ನೇರ ಸೊನ್ನೆಯಲ್ಲಿ ಕೂರಿಸಿದ್ದರೆ ಮೀಟರ್ ಎಲ್ಲ ವೇಗದಲ್ಲೂ 12 ಹೆಚ್ಚು ತೋರಿಸುತ್ತಿತ್ತು. ಮುಳ್ಳನ್ನು ತಿರುಚಿ ಕೀಳಬಾರದು, ಸ್ಪ್ರಿಂಗ್ ಕೆಡುತ್ತದೆ. ಡಯಲಿನ ಮೇಲೆ ರಟ್ಟಿಟ್ಟು, ಎರಡು ಚಮಚದ ಹಿಡಿಗಳಿಂದ ಎರಡೂ ಬದಿ ಸಮನಾಗಿ ನೇರ ಮೇಲಕ್ಕೆತ್ತಬೇಕು.

ಹೊಸ ಡಯಲ್ ಹಳೆಯದರ ಮೇಲೆ ಅಂಟುವ ಬಗೆಯದು, ದಪ್ಪ ಅರ್ಧ ಮಿ.ಮೀ. ಅಷ್ಟಕ್ಕೇ ಮುಳ್ಳು ತಾಗಬಹುದು, ಹಾಗಾಗಿ ಅಂಚಿನಲ್ಲಿ ಮಾತ್ರ ತೆಳುವಾದ ಎರಡು ಬದಿಯ ಟೇಪು ಹಾಕಿ, ನಡುವೆ ಉಬ್ಬು ಬಾರದಂತೆ ಒತ್ತಿದೆವು. ಸೂಪರ್ ಗ್ಲೂ ಬೇಡವೇ ಬೇಡ, ಅದರ ಆವಿಯಿಂದ ಮುಂದಿನ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತದೆ.

ಇನ್ನು ಹೊಂದಾಣಿಕೆ. ಹಳೆಯ ಡಯಲಿನಲ್ಲಿ ಸಣ್ಣದಾಗಿ 637 ಎಂದಿತ್ತು. ಅಂದರೆ 1 ಕಿ.ಮೀ.ಗೆ ಕೇಬಲ್ 637 ಸುತ್ತು. ನಿಮಿಷಕ್ಕೆ 637 ಸುತ್ತಿದರೆ ವೇಗ ಸರಿಯಾಗಿ 60. 425ಕ್ಕೆ 40, 849ಕ್ಕೆ 80. ಹಳೆಯ ಕೇಬಲಿನ ಒಳತಂತಿಯ ಚೌಕ ತುದಿಯನ್ನು ಕತ್ತರಿಸಿ ವೇಗ ಬದಲಿಸಬಲ್ಲ ಡ್ರಿಲ್ಲಿಗೆ ಸಿಕ್ಕಿಸಿ, ಸುತ್ತು ಎಣಿಸುವ ಟ್ಯಾಕೋಮೀಟರ್ ಹಿಡಿದು ಸುತ್ತಿಸಿದೆವು. ಮುಳ್ಳನ್ನು ಗುರುತಿನಲ್ಲಿ ಸಡಿಲವಾಗಿ ಇಟ್ಟಾಗ 44, 64, 84 ಬಂತು. ಮೂರರಲ್ಲೂ ತಪ್ಪು ಒಂದೇ, ಅಂದರೆ ದೋಷ ಮುಳ್ಳು ಕೂತ ಜಾಗದ್ದು. ವೇಗ ಏರಿದಂತೆ ತಪ್ಪೂ ಏರಿದ್ದರೆ ಅದು ಒಳಗೆ ಕೇಬಲ್ ತಿರುಗಿಸುವ ಅಯಸ್ಕಾಂತದ್ದೋ ಸ್ಪ್ರಿಂಗಿನದೋ. ಆಗ ಮುಳ್ಳು ಸರಿಸಿ ಫಲವಿಲ್ಲ.

ಆದರೆ ಆ 4ನ್ನು ಕಳೆಯಲಿಲ್ಲ. ಕಾರಣ ಚಕ್ರ. ಕಂಪನಿಯ 145/70 ಆರ್12 ಬದಲು ಈ ಕಾರಿಗೆ 145/80 ಆರ್12 ಟೈರ್ ಹಾಕಿದ್ದಾರೆ. ವ್ಯಾಸ 508 ಮಿ.ಮೀ.ಯಿಂದ 537ಕ್ಕೆ ಏರಿದೆ, ಶೇ. 5.7 ದೊಡ್ಡದು. ಡ್ರಿಲ್ಲಿನಲ್ಲಿ 60 ಎಂದರೆ ರಸ್ತೆಯಲ್ಲಿ 63.4. ಮೀಟರ್ ನಿಜಕ್ಕಿಂತ ಕಡಿಮೆ ತೋರಿಸಬಾರದು. ಹೆಚ್ಚು ತೋರಿಸಲು ವಿಶ್ವಸಂಸ್ಥೆಯ 39ನೇ ವಾಹನ ನಿಯಮವೂ ನಿಜ ವೇಗದ ಶೇ. 10 ಮತ್ತು ಅದರ ಮೇಲೆ ಇನ್ನೂ 4 ಕಿ.ಮೀ. ತನಕ ಬಿಡುತ್ತದೆ. ಹಾಗಾಗಿ ಒಂದು ಕೂದಲೆಳೆ ಮುಂದಕ್ಕೆ ಸರಿಸಿ 45, 65, 85ಕ್ಕೆ ಕೂರಿಸಿ ಒತ್ತಿದೆವು. ಮುಳ್ಳು ಸುಮಾರು 92 ದಾಟಿದ ಮೇಲೆ ಈ ಲೆಕ್ಕ ಸಾಗದು. ಸರಿಯಾದ ಪರಿಹಾರ ಹಳೆಯ ಅಳತೆಯ ಟೈರೇ.

ಸಂಜೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಂಕೋಲೆಯ ಕಡೆ ಹೊರಟು ನೋಡಿದೆವು. ಬಿಣಗಾ ಬಳಿಯ ಸುರಂಗದಲ್ಲಿ ಮೊಬೈಲಿನ ಜಿಪಿಎಸ್ ನಂಬುವಂತಿಲ್ಲ. ಅವರ್ಸಾ ದಾಟಿದ ಮೇಲೆ ವೇಗ ಒಂದೇ ಹದದಲ್ಲಿ ಹಿಡಿದು ಓದಿಕೊಂಡೆವು. ಕಿಲೋಮೀಟರ್ ಕಲ್ಲು ಸಿಕ್ಕರೆ ಗಡಿಯಾರವೇ ಸಾಕು: 60ರಲ್ಲಿ 60 ಸೆಕೆಂಡು, 50ರಲ್ಲಿ 72. ಮುಳ್ಳು 65 ತೋರಿಸಿದಾಗ ಜಿಪಿಎಸ್ 63 ಮತ್ತು 64ರ ನಡುವೆ ಆಡಿತು.

ಓಡಿದ ಕಿಲೋಮೀಟರಿನ ಅಂಕಿಗಳನ್ನು ಮುಟ್ಟಲಿಲ್ಲ, ಮುಟ್ಟಲೂಬಾರದು. ದೊಡ್ಡ ಟೈರಿನಿಂದ 100 ಕಿ.ಮೀ.ಗೆ ಅಲ್ಲಿ 94.6 ಮಾತ್ರ ಬೀಳುತ್ತದೆ, ಮೈಲೇಜ್ ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳಬೇಕು. ಈ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನ ಒಳಮುಚ್ಚಳಕ್ಕೆ ಅಂಟಿಸಿದೆವು, ಮುಂದೆ ಟೈರ್ ಬದಲಿಸುವವರ ಕಣ್ಣಿಗೆ ಬೀಳಲೆಂದು.