ಸೇತುವೆ ಅಂತ ಅನ್ನಬಾರದಿತ್ತು

ವಿಜಯಪುರದ ಹೊರವಲಯದ ಒಂದು ಶಾಲೆ, ಮಾರ್ಚ್ ತಿಂಗಳ ಶನಿವಾರ. ಬೆಳಗಿನ ಶಾಲೆ ಬಿಟ್ಟ ಮೇಲೆ ಐದು ಮತ್ತು ಆರನೇ ಇಯತ್ತೆಯ ಹದಿನಾರು ಮಕ್ಕಳು ಪಡಸಾಲೆಯಲ್ಲಿ ಕೂತಿದ್ದರು. 'ಶ್ಯಾಣ್ಯಾ ಹುಡುಗರು' ಅಂತ ಅವರವರ ಶಿಕ್ಷಕರೇ ಆರಿಸಿ ಕಳಿಸಿದವರು. ಒಂದೇ ಪ್ರಶ್ನೆಗೆ ಹಲವು ಉತ್ತರ ಹುಡುಕುವುದನ್ನು ರೂಢಿ ಮಾಡಿಸಲು ಕೈಯಲ್ಲಿದ್ದದ್ದು ಎರಡು ತಾಸು. ಎದುರಿಗೆ ಮೆಂತ್ಯ ಬಳಿದ ಒಂದು ಹಳೇ ಮೊರ, ಮೂಲೆಯಲ್ಲಿ ಒಂದು ಹೊರೆ ಜೋಳದ ಕಣಿಕೆ (ಒಣ ದಂಟು), ಕಿರಾಣಿ ಅಂಗಡಿಯಲ್ಲಿ ತೂಗಿಸಿ ತಂದ ಕಾಲು ಕಿಲೋದ ಎರಡು ಕಲ್ಲು.

ಮೊದಲ ಪ್ರಶ್ನೆ ಮೊರದ್ದು. ಇದರಿಂದ ಏನೇನು ಮಾಡಬಹುದು? ಅರ್ಧ ಹಾಳೆ, ಒಬ್ಬೊಬ್ಬರೇ ಬರೆಯಬೇಕು, ಎಂಟು ನಿಮಿಷ, ಮಾತಿಲ್ಲ. ಬಾಯಿಂದ ಹೇಳಿಸುವುದು ಸುಲಭ, ತರಗತಿಯೂ ಗಲಗಲ ಅನ್ನುತ್ತದೆ, ಆದರೆ ಅದರಲ್ಲಿ ನಷ್ಟ ಹೆಚ್ಚು. ತನ್ನ ಪಾಳಿಗೆ ಕಾಯುವ ಹುಡುಗ ಇನ್ನೊಬ್ಬರ ಮಾತು ಕೇಳುತ್ತ ತನ್ನದನ್ನು ಮರೆಯುತ್ತಾನೆ. ಮೊದಲು ಮಾತಾಡಿದವನ ದಾರಿಗೆ ಉಳಿದವರು ಬೀಳುತ್ತಾರೆ. ಗುಂಪಿನಲ್ಲಿ ಕೂತು ಮಾತಾಡಿದವರಿಗಿಂತ ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದರೆ ಒಟ್ಟು ಉತ್ತರ ಜಾಸ್ತಿ ಸಿಗುತ್ತವೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹಾಗಾಗಿ ಮೊದಲು ಹಾಳೆ, ಆಮೇಲೆ ಬಾಯಿ.

ಮೂರು ನಿಮಿಷ ಪೆನ್ನು ಓಡಿದವು. ನಾಲ್ಕನೆಯ ನಿಮಿಷಕ್ಕೆ ನಿಂತವು. ತಲೆಗಳು ಮೇಲೆದ್ದವು, ಕಿಟಕಿ ಕಡೆ, ಮೊರದ ಕಡೆ, ಶಿಕ್ಷಕರ ಮುಖದ ಕಡೆ. ಇಡೀ ದಿನದಲ್ಲಿ ಕಷ್ಟದ ಹೊತ್ತು ಇದೇ, ಅದೂ ಮಕ್ಕಳಿಗಲ್ಲ, ದೊಡ್ಡವರಿಗೆ. 'ಉದಾಹರಣೆಗೆ ಟೊಪ್ಪಿಗೆ ಮಾಡಬಹುದಲ್ಲ' ಅನ್ನೋಣ ಅಂತ ನಾಲಿಗೆ ತುರಿಸುತ್ತದೆ. ಅಂದರೆ ಮುಗೀತು, ಹದಿನಾರು ಹಾಳೆಯಲ್ಲೂ ತಲೆಗೆ, ಬೆನ್ನಿಗೆ, ಮುಖಕ್ಕೆ ಹಾಕಿಕೊಳ್ಳುವ ವಸ್ತುಗಳೇ ಬರುತ್ತವೆ. ಮೊದಲು ಬರುವ ಉತ್ತರಗಳು ನೆನಪಿನಿಂದ ಬಂದವು, ಮನೆಯಲ್ಲಿ ಅವ್ವ ಮಾಡುವುದನ್ನು ನೋಡಿದ್ದು. ಅವು ಖಾಲಿಯಾದ ಮೇಲೆಯೇ ಮಗು ಕಟ್ಟಿಕೊಳ್ಳಲು ಶುರುಮಾಡುತ್ತದೆ. ನಡುವಿನ ಎರಡು ನಿಮಿಷದ ಮೌನವನ್ನು ಯಾರೂ ತುಂಬಬಾರದು. ಅಂದು ಯಾರೂ ತುಂಬಲಿಲ್ಲ. ಆರನೆಯ ನಿಮಿಷಕ್ಕೆ ನಾಲ್ಕೈದು ಪೆನ್ನು ಮತ್ತೆ ಹೊರಟವು.

ಒಬ್ಬ ಹುಡುಗ ಹದಿನಾಲ್ಕು ಬರೆದಿದ್ದ. ಅವನ ಪಕ್ಕದ ಸಾಲಿನ ಹುಡುಗಿ ಏಳು. ಹುಡುಗನ ಹಾಳೆಯಲ್ಲಿ ಮೆಣಸಿನಕಾಯಿ ಒಣಗಿಸಲು, ಶೇಂಗಾ ಒಣಗಿಸಲು, ಹಪ್ಪಳ ಒಣಗಿಸಲು, ಸಂಡಿಗೆ, ಶಾವಿಗೆ, ಹೀಗೆ ಒಣಗಿಸುವುದೇ ಹತ್ತು. ಮುಚ್ಚುವುದು ಎರಡು, ಗಾಳಿ ಬೀಸಿಕೊಳ್ಳುವುದು ಎರಡು. ಅಂದರೆ ಹದಿನಾಲ್ಕು ಉತ್ತರ, ಮೂರೇ ಜಾತಿ. ಹುಡುಗಿಯದು: ಕಾಳು ಹಸನು ಮಾಡಲು, ಕೂಸನ್ನು ಮಲಗಿಸಲು, ಎರಡು ಮೊರ ಕಟ್ಟಿ ಬಯಲಾಟಕ್ಕೆ ಆನೆಯ ಕಿವಿ, ಮಣ್ಣೆತ್ತಿಗೆ ಮೇವು ಹಾಕುವ ಗ್ವಾದಲಿ, ಇರುವೆ ಸಾಲಿಗೆ ನೆರಳು, ಹೊಟ್ಟು ತೂರಿ ಗಾಳಿ ಯಾವ ಕಡೆ ಅಂತ ನೋಡಲು. ಏಳನೆಯದು: 'ಮಳಿ ಬರುವಾಗ ಬೋರಲ ಹಾಕಿ ಸಪ್ಪಳಾ ಕೇಳಾಕ.' ಏಳು ಉತ್ತರ, ಏಳೂ ಬೇರೆ ಜಾತಿ.

ಎಣಿಕೆಯೊಂದನ್ನೇ ನೋಡುವ ಶಿಕ್ಷಕರು ಹುಡುಗನಿಗೆ ಎರಡು ಪಟ್ಟು ಅಂಕ ಕೊಡುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ಗಿಲ್ಫರ್ಡ್ 1950ರಲ್ಲಿ ಸೃಜನಶೀಲತೆಯ ಬಗ್ಗೆ ಮಾಡಿದ ಭಾಷಣದಿಂದ ಈ ಕ್ಷೇತ್ರಕ್ಕೆ ಚಾಲನೆ ಸಿಕ್ಕಿತು. 1966ರಲ್ಲಿ ಅಲ್ಲಿಯವರೇ ಆದ ಇನ್ನೊಬ್ಬ ಮನೋವಿಜ್ಞಾನಿ ಟೊರೆನ್ಸ್ ಮಕ್ಕಳಿಗೂ ಒಗ್ಗುವ ಪರೀಕ್ಷೆಗಳನ್ನು ತಂದರು. ಕವಲೊಡೆಯುವ ಯೋಚನೆಯನ್ನು, ಅಂದರೆ ಒಂದೇ ಪ್ರಶ್ನೆಯಿಂದ ಹಲವು ದಿಕ್ಕಿಗೆ ಹೋಗುವ ಯೋಚನೆಯನ್ನು, ಅಳೆಯಲು ಆಗಿನಿಂದ ಬಳಕೆಯಲ್ಲಿರುವ ಗುರುತು ನಾಲ್ಕು. ಎಷ್ಟು ಉತ್ತರ, ಎಷ್ಟು ಜಾತಿ, ಎಷ್ಟು ಅಪರೂಪ, ಎಷ್ಟು ವಿವರ. ಅಪರೂಪ ಅಳೆಯಲು ದೊಡ್ಡ ಕೋಷ್ಟಕ ಬೇಡ, ಆ ಕೋಣೆಯಲ್ಲಿ ಒಬ್ಬರೇ ಬರೆದ ಉತ್ತರಕ್ಕೆ ಒಂದು ಚುಕ್ಕೆ ಇಟ್ಟರೆ ಸಾಕು. ಹಾಳೆಯಲ್ಲಿ ಅಂಕ ಮಾತ್ರ ಬರೆಯಬಾರದು. ಹದಿನಾಲ್ಕು ಬರೆದ ಹುಡುಗನಿಗೆ ಕೇಳಬೇಕಾದ ಪ್ರಶ್ನೆ ಒಂದೇ: 'ಒಣಗಿಸೂದು ಬಿಟ್ಟು ಬ್ಯಾರೆ ಏನರ?'

ಕೇಳಿದೆವು. ಅವನು ತಿರುಗಿ ಕೇಳಿದ, 'ಸರ್ರ, ಇದರಾಗ ಕರೆಕ್ಟ್ ಯಾವ್ದರೀ?'

ಈ ಹುಡುಗ ದಡ್ಡನಲ್ಲ. ನವೋದಯ, ಸೈನಿಕ ಶಾಲೆ, ಮೊರಾರ್ಜಿ ಶಾಲೆಯ ಪ್ರವೇಶ ಪರೀಕ್ಷೆಗಳಿಗೆ ತಯಾರಾದ ಮಕ್ಕಳಿಗೆ ನಾಲ್ಕರಲ್ಲಿ ಒಂದಕ್ಕೆ ಗೋಲ ತುಂಬುವುದು ಕೈಗೆ ಅಂಟಿರುತ್ತದೆ. ಆ ತಯಾರಿ ತಪ್ಪೂ ಅಲ್ಲ, ಅದರಿಂದ ಎಷ್ಟೋ ಬಡಮಕ್ಕಳಿಗೆ ದಾರಿ ಸಿಕ್ಕಿದೆ. ಆದರೆ ಸದಾ ಮೊದಲ ನಂಬರು ಬರುವ ಮಗುವಿಗೆ ಕಳೆದುಕೊಳ್ಳುವುದು ಜಾಸ್ತಿ ಇರುತ್ತದೆ, ಅದಕ್ಕೇ ತಪ್ಪಾಗಬಹುದಾದ ಉತ್ತರ ಹೊರಗೆ ಬರುವುದೇ ಇಲ್ಲ. ಇಂಥವರಿಗೆ 'ಹೆದರಬ್ಯಾಡ' ಅಂದರೆ ಉಪಯೋಗವಿಲ್ಲ. 'ಕೆಲಸಕ್ಕೆ ಬಾರದ ಐದು ಉಪಯೋಗ ಬರಿ' ಅಂದರೆ ಬರೆಯುತ್ತಾರೆ, ಆಗ ಅದೇ ಸರಿಯುತ್ತರ ಆಗಿರುತ್ತದಲ್ಲ! ಅವನೂ ಬರೆದ. ಐದರಲ್ಲಿ ಎರಡು ಕೆಲಸಕ್ಕೆ ಬರುವಂಥವೇ ಆಗಿದ್ದವು.

ಓದಿಸುವಾಗ ಒಂದು ಎಡವಟ್ಟಾಯಿತು. ಹುಡುಗಿಯ ಮಳೆ ಸಪ್ಪಳದ ಉತ್ತರಕ್ಕೆ ಬಾಗಿಲಲ್ಲಿ ನಿಂತಿದ್ದ ಶಿಕ್ಷಕಿಯೊಬ್ಬರು 'ಶಬ್ಬಾಸ್!' ಅಂದುಬಿಟ್ಟರು. ಆಮೇಲಿನ ನಾಲ್ಕು ಮಕ್ಕಳು ತಮ್ಮ ಹಾಳೆ ಬಿಟ್ಟು ಹಲಗೆ, ಡೊಳ್ಳು, ಗಾಳಿ ಸಪ್ಪಳ ಅಂತ ಕಿವಿಯ ಹಿಂದೆಯೇ ಹೋದರು. ಹೊಗಳಿಕೆಯೂ ತೀರ್ಪೇ. ಆರಿಸುವ ಹೊತ್ತು ಆಮೇಲೆ ಬರುತ್ತದೆ, ಅಲ್ಲಿವರೆಗೆ ಎಲ್ಲರಿಗೂ ಒಂದೇ ಮಾತು: 'ಬರಕೊಂಡೆ, ಮುಂದ?' ಕಂಪಾಸ್ ಪೆಟ್ಟಿಗೆ ಬಹುಮಾನ ಇಡೋಣ ಎಂಬ ಸಲಹೆಯನ್ನೂ ಅದಕ್ಕೇ ಬಿಟ್ಟದ್ದು. 1973ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಚಿತ್ರ ಬಿಡಿಸಿದ ಶಿಶುವಿಹಾರದ ಮಕ್ಕಳು, ಆಮೇಲೆ ಬಿಡುವಿನಲ್ಲಿ ಚಿತ್ರದ ಕಡೆ ಹೋಗುವುದೇ ಕಡಿಮೆಯಾಗಿತ್ತು.

ಇನ್ನು ಕಣಿಕೆ. ಹಿಂಗಾರಿ ಜೋಳ ಕಟಾವಾಗಿ ಬಣವಿ ಒಟ್ಟುವ ಕಾಲ, ಆದ್ದರಿಂದ ಖರ್ಚಿಲ್ಲ. ನಾಲ್ಕು ನಾಲ್ಕು ಮಕ್ಕಳ ನಾಲ್ಕು ತಂಡ, ತಂಡಕ್ಕೆ ಒಂದೂವರೆ ಫೂಟಿನ ಇಪ್ಪತ್ತು ತುಂಡು. ದಾರ, ಅಂಟು ಇಲ್ಲ. ಕಣಿಕೆಯ ಸಿಪ್ಪೆಯನ್ನೇ ಎರಡು ಇಂಚಿನ ಕಡ್ಡಿ ಮಾಡಿ ಮೊಳೆಯಂತೆ ಚುಚ್ಚಬೇಕು. ಹಸಿ ಕಣಿಕೆ ತರಬಾರದು, ಒಳಗಿನ ಬೆಂಡು ಒಣಗುತ್ತ ಸೊರಗಿ ಕಡ್ಡಿ ಸಡಿಲಾಗುತ್ತದೆ. ಹುಳ ತಿಂದದ್ದೂ ಬೇಡ. ಗೆಣ್ಣಿನ ಹತ್ತಿರ ಕಡ್ಡಿ ಇಳಿಯುವುದಿಲ್ಲ. ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತ, ಎಳೆಯುವಾಗ ಬೆರಳು ಸೀಳುತ್ತದೆ, ಸುಲಿಯುವ ಕೈಗೆ ಬಟ್ಟೆ ಸುತ್ತಿಸಬೇಕು. ಮಕ್ಕಳು ಮಾಡುವ ದೊಡ್ಡ ತಪ್ಪು ಇಡೀ ತುಂಡನ್ನು ಚೆಂದಗೆ ಸುಲಿದುಬಿಡುವುದು. ಗಟ್ಟಿತನ ಇರುವುದು ಸಿಪ್ಪೆಯಲ್ಲಿ. ಸುಲಿದ ಬೆಂಡು ಭಾರಕ್ಕೆ ಪಟ್ಟನೆ ಮುರಿಯುತ್ತದೆ. ಜೋಡಿಸುವ ಕಡೆ ಮಾತ್ರ ನಾಲ್ಕಿಂಚು ಸುಲಿದು, ಒಂದರ ಮೇಲೊಂದಿಟ್ಟು, ಎರಡು ಕಡ್ಡಿ ಹೊಡೆಯಬೇಕು. ಒಂದೇ ಕಡ್ಡಿಯಾದರೆ ಕತ್ತರಿಯಂತೆ ತಿರುಗುತ್ತದೆ. ಇದನ್ನು ಮೊದಲೇ ಹೇಳಲಿಲ್ಲ, ಬೆರಳಿನ ಬಟ್ಟೆ ಒಂದನ್ನು ಬಿಟ್ಟು.

ಎರಡು ಬೆಂಚಿನ ನಡುವೆ ಎರಡು ಫೂಟು ಜಾಗ. ಮೊದಲ ಎರಡು ತಂಡಕ್ಕೆ ಪಡಸಾಲೆಯಲ್ಲಿ ಹೇಳಿದ್ದು: 'ಕಲ್ಲು ದಾಟೋ ಹಂಗ ಸೇತುವೆ ಮಾಡ್ರಿ.' ಒಳಗಿನ ಕೋಣೆಯ ಎರಡು ತಂಡಕ್ಕೆ: 'ಕಲ್ಲಿಗೆ ಕೈ ಹಚ್ಚದ ಈ ಬೆಂಚಿನಿಂದ ಆ ಬೆಂಚಿಗೆ ದಾಟಿಸ್ರಿ.'

ಅರ್ಧ ತಾಸಿನ ಮೇಲೆ ಪಡಸಾಲೆಯಲ್ಲಿ ಎರಡು ಸೇತುವೆ ಇದ್ದವು, ನಡು ಬಾಗಿದ್ದು ಒಂದು, ಮುರಿದದ್ದು ಒಂದು. ಒಳಗಿನ ಒಂದು ತಂಡ ಎರಡು ಹಳಿ ಜೋಡಿಸಿ ಮೇಲೊಂದು ಜಾರುವ ಬಂಡಿ ಇಟ್ಟಿತ್ತು. ಇನ್ನೊಂದು ತಂಡ ಕವಲು ಬಿಟ್ಟ ಉದ್ದ ಸೌಟಿನಂಥದ್ದನ್ನು ಕಟ್ಟಿತ್ತು, ಅದು ಕಲ್ಲನ್ನು ಎತ್ತುವಾಗ ಕುತ್ತಿಗೆ ಮುರಿಯಿತು. ಆಗ ಆ ತಂಡದ ಒಬ್ಬ ಎದ್ದು ಆಚೆಯ ಬೆಂಚನ್ನು ದರದರ ಎಳೆದು ಈಚೆಯದಕ್ಕೆ ತಾಗಿಸಿ, ಒಂದು ಕಣಿಕೆಯಿಂದ ಕಲ್ಲನ್ನು ದೂಡಿದ.

'ಮೋಸ ರೀ ಟೀಚರ್ರ, ಮೋಸ!' ಎಂದು ಗದ್ದಲ. ಬೆಂಚು ಸರಿಸಬಾರದು ಅಂತ ಯಾರೂ ಹೇಳಿರಲಿಲ್ಲ. ಆ ಉತ್ತರವನ್ನೂ ಪಟ್ಟಿಗೆ ಬರೆದು, ಮುಂದಿನ ಸುತ್ತಿಗೆ 'ಬೆಂಚು ಸರಿಸುವಂತಿಲ್ಲ' ಎಂದು ಸೇರಿಸಲಾಯಿತು. ಬೈದಿದ್ದರೆ ಮುಂದೆ ನಿಯಮದ ಸಂದು ಹುಡುಕುವವರೇ ಇರುತ್ತಿರಲಿಲ್ಲ. ಪಡಸಾಲೆಯ ತಂಡಗಳ ಉತ್ತರದ ಬಡತನಕ್ಕೆ ಕಾರಣ ಮಕ್ಕಳಲ್ಲ, 'ಸೇತುವೆ' ಎಂಬ ಒಂದು ಶಬ್ದ.

ಕೊನೆಯ ಹದಿನೈದು ನಿಮಿಷ ಆರಿಸುವುದು. ಯಾವುದು ಭಾರ ತಡೆಯಿತು, ಯಾವುದಕ್ಕೆ ತುಂಡು ಕಡಿಮೆ ಸಾಕಾದವು, ಯಾವುದನ್ನು ರಿಪೇರಿ ಮಾಡಬಹುದು. ಈ ಹಂತ ಬಿಟ್ಟರೆ ಎಲ್ಲ ಬರೀ ಮೋಜಾಗುತ್ತದೆ. ಸೌಟಿನ ತಂಡಕ್ಕೆ ಈಗ ಸಿಪ್ಪೆಯ ಗುಟ್ಟು ತಾನಾಗಿಯೇ ಹೊಳೆಯಿತು.

ಮನೆಗೆ ಒಂದು ಪ್ರಶ್ನೆ ಕೊಟ್ಟು ಕಳಿಸಿದ್ದು ಗೋಳಗುಮ್ಮಟದ್ದು. ಯಾರು ಕಟ್ಟಿಸಿದರು, ಗುಮ್ಮಟದ ಅಡ್ಡಗಲ ಎಷ್ಟು ಎಂಬುದು ಪುಸ್ತಕದಲ್ಲಿದೆ: ಮುಹಮ್ಮದ್ ಆದಿಲ್‌ಶಾಹ, ಹೊರಗಿನಿಂದ 44 ಮೀಟರ್. ಗುಮ್ಮಟದ ಬುಡದಲ್ಲಿ ಒಳಗೆ ಸುತ್ತಲೂ ಇರುವ ಗ್ಯಾಲರಿಯಲ್ಲಿ ಪಿಸುಗುಟ್ಟಿದರೂ ಎದುರು ಬದಿಗೆ ಕೇಳುತ್ತದೆ. ಅಲ್ಲೇ ನಿಂತು ಪಕ್ಕದವರಿಗೆ ಗುಟ್ಟು ಹೇಳಬೇಕು, ಎದುರಿನವರಿಗೆ ತಿಳಿಯಬಾರದು. ಹೇಗೆ?

ಹದಿನಾಲ್ಕು ಬರೆದ ಹುಡುಗ ಗೇಟಿನವರೆಗೆ ಹೋಗಿ ತಿರುಗಿ ಬಂದ. 'ಎದುರಿಗಿದ್ದವ್ರನ್ನ ಕೆಳಗ ಕಳಸಬಹುದೇನ್ರಿ, ಬೆಂಚ್ ಸರಿಸಿದಂಗ?' ಉತ್ತರಕ್ಕೆ ಕಾಯದೆ ಇನ್ನೊಂದು: 'ಎಷ್ಟು ಬರೀಬೇಕ್ರಿ ಸರ್ರ?'

'ಹಾಳಿ ತುಂಬೂತನ.'