ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ: ಟಿಕೆಟ್‌ನಲ್ಲಿ 20 ನಿಮಿಷ, ವಿಮಾನದಲ್ಲಿ 1 ತಾಸು 20 ನಿಮಿಷ

ಮ್ಯಾಡ್ರಿಡ್ ಬಿಡುವುದು 12:00, ಲಿಸ್ಬನ್ ಮುಟ್ಟುವುದು 12:20. ಟಿಕೆಟ್‌ನಲ್ಲಿ ಹೀಗಿದ್ದರೆ ಇಪ್ಪತ್ತು ನಿಮಿಷದ ಹಾರಾಟ ಅಂತ ತಿಳಿಯಬೇಡಿ. ಮರಳಿ ಬರುವ ಟಿಕೆಟ್‌ನಲ್ಲಿ ಅದೇ ದಾರಿಗೆ 2 ತಾಸು 20 ನಿಮಿಷ ಕಾಣುತ್ತದೆ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಹೊತ್ತನ್ನೇ ಬರೆಯುತ್ತಾರೆ. ಲಿಸ್ಬನ್ ಗಡಿಯಾರ ಮ್ಯಾಡ್ರಿಡ್‌ಗಿಂತ ಒಂದು ತಾಸು ಹಿಂದೆ. ಹೋಗುವಾಗ ಒಂದು ತಾಸು ಕೂಡಿಸಿ, ಬರುವಾಗ ಒಂದು ತಾಸು ಕಳೆಯಿರಿ. ಎರಡೂ ಕಡೆ ಸುಮಾರು 1 ತಾಸು 20 ನಿಮಿಷವೇ ಬರುತ್ತದೆ.

ದೂರದಲ್ಲೂ ಇಂಥದೇ ಗೊಂದಲ. ಹುಬ್ಬಳ್ಳಿಯಿಂದ ಬೆಂಗಳೂರು ರೈಲಿನಲ್ಲಿ 469 ಕಿ.ಮೀ., ಹೆದ್ದಾರಿಯಲ್ಲಿ ಸುಮಾರು 410, ನಕಾಶೆಯ ಮೇಲೆ ದಾರ ಹಿಡಿದು ಎಳೆದರೆ 375ರ ಆಸುಪಾಸು. ಹಾಗೆಯೇ ಮ್ಯಾಡ್ರಿಡ್–ಲಿಸ್ಬನ್ ರಸ್ತೆಯಲ್ಲಿ ಸುಮಾರು 625 ಕಿ.ಮೀ., ವಿಮಾನ ನಿಲ್ದಾಣದಿಂದ ನಿಲ್ದಾಣಕ್ಕೆ ನೇರವಾಗಿ 513. ಪೈಲಟ್‌ಗಳ ಲೆಕ್ಕದಲ್ಲಿ ಇದು 277 ನಾಟಿಕಲ್ ಮೈಲು; ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.

ಈಗ ಹೊತ್ತಿನ ಲೆಕ್ಕ. ತಾಸಿಗೆ 800 ಕಿ.ಮೀ. ವೇಗ ಹಿಡಿದರೆ 513 ಕಿ.ಮೀ.ಗೆ 38 ನಿಮಿಷ ಸಾಕು. ಉಳಿದ ನಲವತ್ತು ನಿಮಿಷ ಎಲ್ಲಿ ಹೋಯಿತು? ಏರುವಾಗ, ಇಳಿಯುವಾಗ ವಿಮಾನಕ್ಕೆ ಆ ವೇಗ ಇರುವುದಿಲ್ಲ. ಲಿಸ್ಬನ್ ಇರುವುದು ನೈಋತ್ಯಕ್ಕೆ, ಆದರೆ ಮ್ಯಾಡ್ರಿಡ್‌ನಲ್ಲಿ ಬಹುಪಾಲು ದಿನ ವಿಮಾನ ಮೇಲೇಳುವುದು ಉತ್ತರ ದಿಕ್ಕಿಗೆ. ಎದ್ದ ಮೇಲೆ ದೊಡ್ಡದೊಂದು ತಿರುವು ಹಾಕಿಕೊಂಡೇ ದಾರಿಗೆ ಬರಬೇಕು. ಇನ್ನು, ವೇಳಾಪಟ್ಟಿಯ ಲೆಕ್ಕ ನೆಲ ಬಿಟ್ಟಾಗ ಶುರುವಾಗುವುದಿಲ್ಲ. ಗೇಟಿನಲ್ಲಿ ಚಕ್ರ ಕದಲಿದಾಗಿನಿಂದ ಮುಂದಿನ ಗೇಟಿನಲ್ಲಿ ಚಕ್ರ ನಿಲ್ಲುವವರೆಗೆ ಎಣಿಸುತ್ತಾರೆ. ಮ್ಯಾಡ್ರಿಡ್‌ನಲ್ಲಿ ನಾಲ್ಕು ರನ್‌ವೇ, ಅಲ್ಲಿಗೆ ಉರುಳಿಕೊಂಡು ಹೋಗಲಿಕ್ಕೇ ಹತ್ತು–ಹದಿನೈದು ನಿಮಿಷ ಬೇಕು. ಲಿಸ್ಬನ್‌ನಲ್ಲಿ ಬಳಕೆಯಲ್ಲಿರುವುದು ಒಂದೇ ರನ್‌ವೇ. ದಟ್ಟಣೆ ಇದ್ದರೆ ಆಕಾಶದಲ್ಲೇ ಸುತ್ತು ಹೊಡೆಸುತ್ತಾರೆ. ಮೇಲಿನ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವುದರಿಂದ ಬರುವಾಗ ಕೆಲವು ನಿಮಿಷ ಉಳಿಯುತ್ತವೆ.

ಷೆಂಗೆನ್ ಗುಂಪಿನ (ಗಡಿ ತಪಾಸಣೆ ಇಲ್ಲದೆ ಓಡಾಡಬಹುದಾದ ಯುರೋಪಿನ ದೇಶಗಳು; ಸ್ಪೇನ್, ಪೋರ್ಚುಗಲ್ ಎರಡೂ ಅದರಲ್ಲಿವೆ) ಹೊರಗಿನ ದೇಶದಿಂದ ಬಂದು ಮ್ಯಾಡ್ರಿಡ್‌ನ ಟಿ4ಎಸ್‌ನಲ್ಲಿ (ಟರ್ಮಿನಲ್ 4, ಅಂದರೆ ಟಿ4ರ ದೂರದ ಉಪಕಟ್ಟಡ) ಇಳಿದವರು ಇನ್ನೂ ಎಚ್ಚರದಿಂದ ಇರಬೇಕು. ಷೆಂಗೆನ್ ಪ್ರವೇಶದ ಪಾಸ್‌ಪೋರ್ಟ್ ತಪಾಸಣೆ ಇಲ್ಲೇ ಆಗುತ್ತದೆ, ಲಿಸ್ಬನ್‌ನಲ್ಲಿ ಅಲ್ಲ. ಆಮೇಲೆ ನೆಲದಡಿಯ ರೈಲು ಹತ್ತಿ ಟಿ4ಗೆ ಬರಬೇಕು. ಎರಡು ವಿಮಾನಗಳ ನಡುವೆ ಎರಡೂವರೆ ತಾಸಿಗಿಂತ ಕಡಿಮೆ ಇಟ್ಟುಕೊಳ್ಳುವುದು ಬೇಡ. ಬೇರೆ ಬೇರೆ ಟಿಕೆಟ್ ತೆಗೆಸಿದ್ದರೆ ಬ್ಯಾಗನ್ನು ನೀವೇ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು, ಆಗ ನಾಲ್ಕು ತಾಸು ಇರಲಿ. ಲಿಸ್ಬನ್‌ನಿಂದ ಮರಳುವಾಗ ಟರ್ಮಿನಲ್ ನಂಬರ್ ನೋಡಿಕೊಳ್ಳಿ: ಕಡಿಮೆ ದರದ ಕೆಲವು ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ, ಮೆಟ್ರೊ ಮುಟ್ಟಿಸುವುದು ಟರ್ಮಿನಲ್ 1ಕ್ಕೆ. ನಡುವೆ ಉಚಿತ ಬಸ್ ಇದೆ.

ಹುಬ್ಬಳ್ಳಿ–ಧಾರವಾಡದಲ್ಲಿ ಕೂತು ಫೋನ್ ಕಾಯುವ ಮನೆಯವರಿಗೆ: ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮ್ಯಾಡ್ರಿಡ್ ನಮಗಿಂತ ಮೂರೂವರೆ ತಾಸು ಹಿಂದೆ, ಲಿಸ್ಬನ್ ನಾಲ್ಕೂವರೆ. ಉಳಿದ ತಿಂಗಳು ನಾಲ್ಕೂವರೆ, ಐದೂವರೆ. ಜೂನ್‌ನಲ್ಲಿ ಆ 12:00ರ ವಿಮಾನ ಹೊರಟಾಗ ಇಲ್ಲಿ ಮಧ್ಯಾಹ್ನ 3:30, ಮುಟ್ಟಿದಾಗ ಸಂಜೆ 4:50. ಬ್ಯಾಗ್ ಕೈಗೆ ಬಂದು ಫೋನ್ ಮಾಡುವಷ್ಟರಲ್ಲಿ ಐದೂವರೆ ಆದೀತು, ಅಲ್ಲಿಯವರೆಗೆ ಗಾಬರಿಯಾಗಬೇಡಿ.